ಪಕ್ಷಾಂತರ

ಹಲ್ಲಿನ ಡಾಕ್ಟರು ಪೆನ್ಸಿಲ್ ಕೈಗೆತ್ತಿಕೊಂಡದ್ದನ್ನು ಕಂಡು ದೊಡ್ಡಮ್ಮನ ಎದೆ ಧಸಕ್ಕೆಂದಿತು. ಅವರು ಬಂದಿದ್ದು ಅವಳೊಡನೆ ತಮ್ಮಿಬ್ಬರ ಮದುವೆಯ ಮಾತಾಡಲು. ಮಾತು ಎಲ್ಲಿಂದ ಎತ್ತುವುದೆಂದು ತೋಚದೆ, ಊಟದ ಮೇಜಿನಲ್ಲಿ ಲೆಕ್ಕ ಹಿಡಿದು ಒದ್ದಾಡುತ್ತಿದ್ದ ಅವಳ ತಂಗಿಯ ಮಗಳಿಗೆ ಹೇಳಿಕೊಡಲು ಕುಳಿತಿದ್ದರು. ಮನೆಯವರ ವಯಸ್ಸಿನ ಮೇಲೆ ತಾನೇ ಒಂದು ಸಮೀಕರಣ ಕಟ್ಟಿ, ಹಂತ ಹಂತವಾಗಿ ಬಿಡಿಸಿ ತರಬೇಕಂತೆ. ಒಂಬತ್ತನೇ ಕ್ಲಾಸಿನ ಆ ಹುಡುಗಿ ಕಟ್ಟಿದ್ದಳು: ಅಮ್ಮ ಹುಟ್ಟಿದಾಗ ದೊಡ್ಡಮ್ಮನಿಗೆ ಹನ್ನೆರಡು ವರ್ಷ. ಈಗ ಇಬ್ಬರ ವಯಸ್ಸು ಕೂಡಿದರೆ ತೊಂಬತ್ತೆರಡು. ದೊಡ್ಡಮ್ಮನ ವಯಸ್ಸೆಷ್ಟು?

ದೊಡ್ಡಮ್ಮ ಡಾಕ್ಟರಿಗೆ ಹೇಳಿದ್ದು ನಲವತ್ತೈದು. ಕನ್ನಡಕದ ಅಂಗಡಿಯಲ್ಲಿ ಕೂತು ಊರಿಗೆಲ್ಲ ಸ್ಪಷ್ಟವಾಗಿ ಕಾಣಿಸುವಂತೆ ಮಾಡುತ್ತಿದ್ದವಳು ಇದೊಂದನ್ನು ಮಾತ್ರ ಮಸುಕಾಗಿಯೇ ಇಟ್ಟುಕೊಂಡಿದ್ದಳು.

"ಬೀಜಗಣಿತ ಬಿಡಿ, ರೇಖಾಗಣಿತ ಮಾಡ್ಸಿ," ಎಂದಳು. "ತ್ರಿಕೋನಕ್ಕೆ ವಯಸ್ಸಾಗಲ್ಲ."

ಡಾಕ್ಟರು ಕೇಳಲಿಲ್ಲ. ದೊಡ್ಡಮ್ಮನನ್ನು ಎಕ್ಸ್ ಎಂದು ಇಟ್ಟುಕೊಂಡರು. ಅಮ್ಮ ಎಕ್ಸ್ ಮೈನಸ್ ಹನ್ನೆರಡು. ಕೂಡಿದರೆ ಎರಡು ಎಕ್ಸ್ ಮೈನಸ್ ಹನ್ನೆರಡು, ಸಮ ತೊಂಬತ್ತೆರಡು. ಇನ್ನು ಹನ್ನೆರಡನ್ನು ಬಲಗಡೆಗೆ ಪಕ್ಷಾಂತರ ಮಾಡಿದರಾಯಿತು ಎನ್ನುವಷ್ಟರಲ್ಲಿ ದೊಡ್ಡಮ್ಮ ಪೆನ್ಸಿಲ್ ಕಿತ್ತುಕೊಂಡು, ಮೈನಸ್ಸನ್ನು ಮೈನಸ್ಸಾಗಿಯೇ ದಾಟಿಸಿ, ಎಂಬತ್ತು ಎಂದು ಬರೆದು, ಅರ್ಧ ಮಾಡಿ ನಲವತ್ತಕ್ಕೆ ತಂದು ನಿಲ್ಲಿಸಿದಳು.

"ಪಕ್ಷ ಬದಲಾಯಿಸಿದ ಮೇಲೆ ಚಿಹ್ನೆ ಬದಲಾಗ್ಲೇಬೇಕು ದೊಡ್ಡಮ್ಮ," ಎಂದಳು ಹುಡುಗಿ.

"ಎಲ್ಲಾ ಪಕ್ಷಾಂತರಿಗಳೂ ಒಂದೇ ಥರ ಇರಲ್ಲ ಕಣೇ. ಈ ಹನ್ನೆರಡಕ್ಕೆ ನಿಯತ್ತಿದೆ."

ನೀವು ಹೇಳಿದ್ದಕ್ಕಿಂತ ಐದು ಕಡಿಮೆ ಬಂತಲ್ಲ ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ತನಗೆ ಕೊಚ್ಚಿಕೊಳ್ಳುವ ಅಭ್ಯಾಸವಿಲ್ಲ ಎಂದು ದೊಡ್ಡಮ್ಮ ಗಂಭೀರವಾಗಿ ಹೇಳಿದಳು. ಅಷ್ಟರಲ್ಲಿ ಹುಡುಗಿ ಬೆರಳು ಮಡಚಿ ಮುಂದಿನ ಹಂತಕ್ಕೆ ಹೋಗಿಬಿಟ್ಟಿದ್ದಳು. ದೊಡ್ಡಮ್ಮನಿಗೆ ನಲವತ್ತಾದರೆ ಅಮ್ಮನಿಗೆ ಇಪ್ಪತ್ತೆಂಟು. ತನಗೀಗ ಹದಿನಾಲ್ಕು. ಹಾಗಾದರೆ ತಾನು ಹುಟ್ಟಿದಾಗ ಅಮ್ಮನಿಗೆಷ್ಟು ಎಂದು ಜೋರಾಗಿಯೇ ಕೇಳಿದಳು.

ಅಡುಗೆಮನೆಯಿಂದ ತಂಗಿ ಸೌಟು ಹಿಡಿದೇ ಬಂದಳು.

"ಅಕ್ಕ, ನಿನ್ನ ವಯಸ್ಸು ಎಷ್ಟು ಬೇಕಾದ್ರೂ ಇಳಿಸ್ಕೋ. ಜೊತೆಗೆ ನನ್ನನ್ನೂ ಎಳ್ಕೊಂಡು ಹೋಗ್ಬೇಡ."

ದೊಡ್ಡಮ್ಮ ಅಡಕತ್ತರಿಯಲ್ಲಿ ಸಿಕ್ಕಿದಳು. ತನ್ನ ಸುಳ್ಳು ಉಳಿಯಬೇಕಾದರೆ ತಂಗಿಯ ಮಾನ ಹೋಗಬೇಕು. ಮೈನಸ್ಸಿನ ಮೇಲೆ ನೆಟ್ಟಗೊಂದು ಗೆರೆ ಎಳೆದು ಪ್ಲಸ್ ಮಾಡಿದಳು. ನೂರ ನಾಲ್ಕು. ಅರ್ಧ ಐವತ್ತೆರಡು. ಪೆನ್ಸಿಲ್ ಕೆಳಗಿಟ್ಟು, ಡಾಕ್ಟರು ಹೊರಡುವುದಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಗೋಡೆಗೆ ಹೇಳುವವಳಂತೆ ಹೇಳಿದಳು. ಕಿವಿಗಳು ಕೆಂಪಾಗಿದ್ದವು.

ಡಾಕ್ಟರು ಏಳಲಿಲ್ಲ. ಹುಡುಗಿಯ ಹತ್ತಿರ ಇನ್ನೊಂದು ಹಾಳೆ ಇಸಿದುಕೊಂಡು ಬರೆದರು: ನನ್ನ ವಯಸ್ಸಿನ ಮೂರರಲ್ಲಿ ಎರಡು ಭಾಗದಿಂದ ಎಂಟು ಕಳೆದರೆ ಮೂವತ್ತೆರಡು. ಬರೆದು, ಹಾಳೆಯನ್ನು ದೊಡ್ಡಮ್ಮನ ಮುಂದೆ ತಳ್ಳಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅವಳಿಗೆ ಅವರು ಹೇಳಿದ್ದು ಐವತ್ತು.

ಈ ಸಲ ದೊಡ್ಡಮ್ಮನ ಕೈ ಎಲ್ಲೂ ತಪ್ಪಲಿಲ್ಲ. ಎಂಟನ್ನು ಚಿಹ್ನೆ ಬದಲಿಸಿಯೇ ದಾಟಿಸಿದಳು, ನಲವತ್ತಾಯಿತು. ಮೂರರಿಂದ ಗುಣಿಸಿದಳು, ಎರಡರಿಂದ ಭಾಗಿಸಿದಳು. ಅರವತ್ತು. ಉತ್ತರದ ಕೆಳಗೆ ಎರಡು ಗೆರೆ ಎಳೆದು ಡಾಕ್ಟರನ್ನು ಕಣ್ಣರಳಿಸಿ ನೋಡಿದಳು.

ಡಾಕ್ಟರು ಮೆಲ್ಲಗೆ ರಬ್ಬರಿಗೆ ಕೈ ಹಾಕಿದರು. ದೊಡ್ಡಮ್ಮ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅಳಿಸ್ಬೇಡಿ, ಇರ್ಲಿ," ಎಂದಳು. "ಈ ಮನೇಲಿ ನನಗಿಂತ ದೊಡ್ಡೋರು ಅಂತ ಒಬ್ಬರೂ ಇರ್ಲಿಲ್ಲ."