ಪಕ್ಕದ ಉಪಗ್ರಹ

ಬಿಸಿಲಿಗೆ ಕಾದ ತುಕ್ಕಿನ ವಾಸನೆ ಬಂದರೆ ಈಗಲೂ ನನಗೆ ಕೆಂಚಾರ್ಲಹಳ್ಳಿಯ ನಮ್ಮ ಮನೆಯ ಕಬ್ಬಿಣದ ಮೆಟ್ಟಿಲು ನೆನಪಾಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ದಿನ ಗಾಳಿಗೆ ಡಿಶ್ ತಿರುಗಿಹೋಗಿತ್ತು. ಮ್ಯಾಚು ಶುರುವಾಗಿಬಿಟ್ಟಿತ್ತು. ರೇಷ್ಮೆಹುಳಕ್ಕೆ ಸೊಪ್ಪು ಹಾಕುವ ಹೊತ್ತೂ ಮೀರುತ್ತಿತ್ತು. ಅಪ್ಪ ತಾರಸಿಯಲ್ಲಿ ಸ್ಪ್ಯಾನರ್ ಹಿಡಿದು ಡಿಶ್ ತಿರುಗಿಸುತ್ತಿದ್ದರೆ, ಅಮ್ಮ ಒಳಗೆ ರಿಮೋಟ್ ಒತ್ತುತ್ತಾ ಚಾನೆಲ್ ಹುಡುಕುತ್ತಿದ್ದಳು. ನಡುವೆ, ಸುಡುವ ಮೆಟ್ಟಿಲ ಮೇಲೆ ಕಾಲು ಬದಲಿಸುತ್ತಾ, ಇಬ್ಬರ ಮಾತನ್ನೂ ಕೂಗಿ ಮುಟ್ಟಿಸುವುದು ನನ್ನ ಕೆಲಸ.

"ಮೇಲೆ ಉಪಗ್ರಹಗಳು ಸಾಲಾಗಿ ಅವೆ ಕಣಮ್ಮ. ಕೂದಲೆಳೆಯಷ್ಟು ಜಾಸ್ತಿ ತಿರುಗಿದ್ರೆ ಪಕ್ಕದ್ದು ಸಿಕ್ಬಿಡ್ತದೆ," ಎಂದರು ಅಪ್ಪ. "ಬಂತಾ ಕೇಳು!"

"ಇಲ್ವಂತೆ!"

ಮತ್ತೆ ತಿರುಗಿಸಿದರು. "ಈಗ?"

ಒಳಗಿನಿಂದ ಯಾವುದೋ ಹಾಡು ಸಣ್ಣಗೆ ಕೇಳಿಸಿತು. ತಡೆಯಲಾರದೆ ಓಡಿಹೋಗಿ ಇಣುಕಿದೆ. ಟಿವಿಯಲ್ಲಿ ಮ್ಯಾಚು ಇರಲಿಲ್ಲ. ಯಾರೋ ಹೆಂಗಸರು ನಾಟಿ ಮಾಡುತ್ತಾ ತೆಲುಗಿನಲ್ಲಿ ಹಾಡುತ್ತಿದ್ದರು. ಮದನಪಲ್ಲಿ ಕಡೆಯಿಂದ ಮದುವೆಯಾಗಿ ಬಂದಿದ್ದ ಅಮ್ಮ, ರಿಮೋಟನ್ನು ಎದೆಗೊತ್ತಿಕೊಂಡು, ತುಟಿಯಲ್ಲೇ ಅವರ ಜೊತೆ ಹಾಡುತ್ತಿದ್ದಳು.

"ಬಂತು ಅನ್ನು," ಎಂದಳು, ನನ್ನತ್ತ ನೋಡದೆ. "ನಟ್ಟು ಬಿಗಿ ಮಾಡ್ಬೇಕಂತೆ ಅನ್ನು."

ಹಾಗೇ ಕೂಗಿದೆ.

ನಟ್ಟು ಬಿಗಿದು ಅಪ್ಪ ದಡದಡ ಇಳಿದು ಬಂದರು. ಟಿವಿ ನೋಡಿದರು, ಅಮ್ಮನನ್ನು ನೋಡಿದರು. ತಿರುಗಿ ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ಆಮೇಲೆ ಸ್ಪ್ಯಾನರನ್ನು ಗೋಡೆಯ ಗೂಡಿನಲ್ಲಿಟ್ಟು, ತುಕ್ಕು ಹತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಂಡರು.

"ನನ್ ಚಪ್ಪಲಿ ಎಲ್ಲೈತೆ ನೋಡಮ್ಮ," ಎಂದರು ನನಗೆ. "ಮ್ಯಾಚು ಚಿಂತಾಮಣೀಲಿ ನೋಡ್ಕೊಂಡು ಬರ್ತೀನಿ."