ಗೋವಾ ನಂಬರಿನ ಕಾರು

ಕೆಂಚೇಶನ ಮೊದಲ ಏಟಿಗೇ ಟ್ರ್ಯಾಕ್ಟರ್ ಚಾಲಕನ ಮೂಗಿನಿಂದ ರಕ್ತ ಚಿಮ್ಮಿತು. ಹೊರ ರಾಜ್ಯದ ಗಾಡಿ ಇಲ್ಲಿ ವರ್ಷ ದಾಟಿದರೆ ತೆರಿಗೆ ಕಟ್ಟಬೇಕೆಂದು ಆರ್‌ಟಿಒ ಇನ್‌ಸ್ಪೆಕ್ಟರು ನ್ಯಾಮತಿ ರಸ್ತೆಯಲ್ಲಿ ಕೆಂಚೇಶನ ಕಾರು ತಡೆದಿದ್ದರು. "ನಾನು ಗೋವಾದೋನು ಸಾರ್, ಮೊನ್ನೆ ಬಂದೀನಿ" ಎಂದು ಅವನು ಆಗಷ್ಟೇ ಕೈಮುಗಿದಿದ್ದ.

ಕಾರಿನ ಹಿಂದೆ ಸಿಕ್ಕಿಕೊಂಡಿದ್ದ ಟ್ರ್ಯಾಕ್ಟರ್ ಚಾಲಕ, "ಲೇ ಗೋವಾದೋನೇ, ಗಾಡಿ ತೆಗಿಯೋ! ಇದು ನಿಮ್ಮೂರಲ್ಲ" ಎಂದು ಕೂಗಿದ್ದೇ ತಪ್ಪಾಯಿತು.

ಕೆಂಚೇಶ್ ಅವನನ್ನು ಕೆಡವಿ ಎದೆಯ ಮೇಲೆ ಕೂತ. ಬಿಡಿಸಲು ಬಂದ ಇನ್‌ಸ್ಪೆಕ್ಟರಿಗೂ ಮೊಣಕೈ ಬಡಿದು ತುಟಿ ಒಡೆಯಿತು. "ಯಾರ್ಲೇ ಗೋವಾದೋನು? ಇಲ್ಲೇ ಗೋವಿನಕೋವಿ ಊರಿನ ಡೇರಿಗೆ ಮೂರು ವರ್ಷದಿಂದ ದಿನಾ ಎರಡು ಹೊತ್ತು ಹಾಲು ಹಾಕ್ತಾ ಇದೀನಿ. ಯಾರನ್ನ ಬೇಕಾದ್ರೂ ಕೇಳ್ಲೇ!"

ಎತ್ತಿದ ಮುಷ್ಟಿ ಗಾಳಿಯಲ್ಲೇ ನಿಂತಿತು. ಇನ್‌ಸ್ಪೆಕ್ಟರು ತುಟಿಯ ರಕ್ತ ಒರೆಸಿಕೊಂಡು ಪೆನ್ನು ತೆಗೆದರು.

"ಮೂರು ವರ್ಷ ಅಂದ್ರಿ, ಅಲ್ವಾ?"