ಬಾಯಿಗೆ ಬಾರದ ಹೆಸರು

ಆದಿಲಕ್ಷ್ಮಮ್ಮ ಫ್ಲಾಸ್ಕಿನಿಂದ ಪೇಪರ್ ಲೋಟಗಳಿಗೆ ಟೀ ಬಗ್ಗಿಸುತ್ತಿದ್ದಳು. ಮೇಜಿನ ಮೇಲೆ ಒಂದು ಹನಿಯೂ ಬೀಳಲಿಲ್ಲ, ಅವಳ ಬಾಯಿಂದ ಒಂದು ಮಾತೂ ಬೀಳಲಿಲ್ಲ. ಗ್ರಾಮ ಪಂಚಾಯಿತಿಯ ಹೊಸ ಅಧ್ಯಕ್ಷೆ ಅವಳೇ, ಇವತ್ತಿನದು ಮೊದಲ ಸಭೆ. ಆದರೆ ಬಿಳಿ ಟವೆಲು ಹೊದಿಸಿದ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವನು ಅವಳ ಗಂಡ ವೆಂಕಟೇಶಪ್ಪ, ಇಸ್ತ್ರಿ ಮುರಿಯದ ಅಂಗಿ ತೊಟ್ಟು ಮದುಮಗನ ಹಾಗೆ. ಉಳಿದ ಸದಸ್ಯೆಯರ ಗಂಡಂದಿರು ಹೆಂಡತಿಯರನ್ನು ಶಾಲೆಗೆ ಸೇರಿಸಲು ಬಂದವರಂತೆ ಗೋಡೆಗೆ ಒರಗಿ ನಿಂತಿದ್ದರು. ಗಂಡಸು ಸದಸ್ಯರು ಹಿಂದಿನ ಬೆಂಚಿನಲ್ಲಿ ಕೂತಿದ್ದರು.

"ಮೊದಲ್ನೇ ವಿಷ್ಯ, ಊರ ಬಾಗ್ಲಿಗೆ ಕಮಾನು," ಎಂದು ವೆಂಕಟೇಶಪ್ಪ ಶುರುಮಾಡಿದ. "ಬಂಗಾರಪೇಟೆ ರೋಡಲ್ಲಿ ಓಗೋರಿಗೆ ನಮ್ಮೂರ ಎಸ್ರು ಮಿಂಚ್ಬೇಕು. ಈ ಸಾರಿ ಬಂದಿರೋ ದುಡ್ಡೆಲ್ಲ ಅದುಕ್ಕೇ."

ಆದಿಲಕ್ಷ್ಮಮ್ಮನ ಕೈ ನಿಂತಿತು. ಓಟು ಕೇಳಲು ಮನೆಮನೆಗೆ ಹೋದಾಗ ಅವಳು ಕೊಟ್ಟ ಮಾತು ಒಂದೇ: ಸ್ಟೇಷನ್ ದಾರಿಗೆ ದೀಪ. ಮಾರಿಕುಪ್ಪಂನಿಂದ ಬರುವ ಮೊದಲ ರೈಲು ಹಿಡಿದು ಬೆಂಗಳೂರಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸರು ಕೋಳಿ ಕೂಗುವ ಮುಂಚೆ, ಒಬ್ಬರ ಸೆರಗು ಒಬ್ಬರು ಹಿಡಿದು ಆ ದಾರಿ ದಾಟುತ್ತಿದ್ದರು. ಅವರಲ್ಲೊಬ್ಬಳಾದ ಶಶಿರೇಖ, ಈಗ ಸದಸ್ಯೆ, ಮೊನ್ನೆ ಕತ್ತಲಲ್ಲಿ ಚರಂಡಿಗೆ ಬಿದ್ದು ಇನ್ನೂ ಕುಂಟುತ್ತಿದ್ದಾಳೆ. ಇವತ್ತು ದುಡ್ಡು ಕಮಾನಿಗೆ ಹೋದರೆ ಆ ಹೆಂಗಸರಿಗೆ ಯಾವ ಮುಖ ತೋರಿಸುವುದು?

"ಅಕ್ಕಾ, ನಮ್ ದೀಪ?" ಎಂದಳು ಶಶಿರೇಖ.

ಉತ್ತರ ಕುರ್ಚಿಯಿಂದ ಬಂತು. "ಕಮಾನಿಗೇ ಎಲ್ಡು ಬಲ್ಬು ಆಕಿಸ್ತೀನಿ ಬಿಡಮ್ಮ."

"ಸ್ಟೇಷನ್ ಇರೋದು ಆ ಕಡೆ ಬಾವ, ನಿಮ್ ಕಮಾನು ಈ ಕಡೆ. ನಾವೇನು ಇಂದಿಂದಕ್ಕೆ ನಡ್ಕೊಂಡು ಓಗಾಣ್ವಾ?"

ಪಂಚಾಯಿತಿ ಅಧಿಕಾರಿ ತ್ರಿವೇಣಿ ಕೆಮ್ಮಿದಳು. "ಸದಸ್ಯರಲ್ಲದವರು ಇಲ್ಲಿ ಕೂರೋ ಹಾಗಿಲ್ಲ. ಅಧ್ಯಕ್ಷರು ಹೇಳಿದ್ರೆ ಅವರು ಆಚೆ ಹೋಗ್ಬೇಕಾಗತ್ತೆ."

ಎಲ್ಲರೂ ಆದಿಲಕ್ಷ್ಮಮ್ಮನ ಕಡೆ ತಿರುಗಿದರು. ಅವಳು ಫ್ಲಾಸ್ಕಿಗೇ ಹೇಳುವವಳಂತೆ, "ಮೆಂಬರಲ್ದೋರು ಒಸಿ ಆಚೆ ಕೂತ್ಕಳಿ," ಎಂದಳು. ಒಬ್ಬರೂ ಅಲುಗಲಿಲ್ಲ.

"ಅಂಗಂದ್ರೆ ಯಾರು? ಎಸ್ರಿಡಿದು ಕರೀಲಿ," ವೆಂಕಟೇಶಪ್ಪ ಕಾಲ ಮೇಲೆ ಕಾಲು ಹಾಕಿಕೊಂಡ. "ಕರ್ದ ಗಳಿಗೇಲೇ ಎದ್ದೋಗ್ತೀನಿ. ಮಾತಂದ್ರೆ ಮಾತು."

ಗೋಡೆಯ ಕಡೆಯವರು ಗೊಳ್ಳೆಂದು ನಕ್ಕರು. ನಗದೆ ಇನ್ನೇನು? ಆದಿಲಕ್ಷ್ಮಮ್ಮ ಗಂಡನ ಹೆಸರು ಹೇಳುವುದಿಲ್ಲ ಎಂಬುದು ಊರಿಗೇ ಗೊತ್ತಿತ್ತು. ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅತ್ತೆ ಹೊಸ್ತಿಲಲ್ಲೇ ಹೇಳಿಕೊಟ್ಟಿದ್ದರು. ತಿರುಪತಿಯ ದೇವರನ್ನೂ ಅವಳು ಹೆಸರು ಹಿಡಿದು ಕರೆದವಳಲ್ಲ, 'ಏಳು ಬೆಟ್ಟದ ಸ್ವಾಮಿ' ಎನ್ನುತ್ತಿದ್ದಳು. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದಾಗ ಗೋಡೆಯ ಮೇಲಿನ ದೇವರ ಕ್ಯಾಲೆಂಡರ್ ತೋರಿಸಿದ್ದಳು. ಅಲ್ಲಿಯವರು 'ಶ್ರೀನಿವಾಸ' ಎಂದು ಬರೆದುಕೊಂಡಿದ್ದರು. ಅದನ್ನು ತಿದ್ದಿಸಲು ವೆಂಕಟೇಶಪ್ಪನ ಚಪ್ಪಲಿ ಸವೆದಿತ್ತು.

ಅದೇ ಕ್ಯಾಲೆಂಡರ್ ಇಲ್ಲೂ ತೂಗುತ್ತಿತ್ತು. ಆದಿಲಕ್ಷ್ಮಮ್ಮ ಅದನ್ನೊಮ್ಮೆ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಊರೆಲ್ಲ ದಿನಾ ಅವನ ಹೆಸರು ಕೂಗುತ್ತದೆ. ಆಯಸ್ಸೇನೂ ಕಮ್ಮಿಯಾದಂತಿಲ್ಲ, ಹೊಟ್ಟೆ ಮಾತ್ರ ಬೆಳೆದಿದೆ. ಶಶಿರೇಖ ಬೆಂಚಿನ ಕೆಳಗೆ ಮಂಡಿ ನೀವಿಕೊಳ್ಳುತ್ತಿದ್ದಳು. ಆದಿಲಕ್ಷ್ಮಮ್ಮ ಫ್ಲಾಸ್ಕಿನ ಮುಚ್ಚಳ ಬಿಗಿಮಾಡಿ ಕೆಳಗಿಟ್ಟಳು.

"ವೆಂಕಟೇಶಪ್ಪನೋರೇ, ಎದ್ದು ಆಚೆ ಕೂತ್ಕಳಿ."

"ಆಂ!" ಎಂದು ಅವನು, ಮೇಷ್ಟ್ರು ಹಾಜರಿ ಕರೆದ ಹುಡುಗನಂತೆ ಧಡಕ್ಕನೆ ಎದ್ದು ನಿಂತ. ನಿಂತ ಮೇಲಷ್ಟೇ ಕರೆದವರು ಯಾರೆಂದು ತಿಳಿದಿದ್ದು. ಇಷ್ಟು ವರ್ಷ ಜೊತೆಗೆ ಬಾಳಿದರೂ ಆ ದನಿಯಲ್ಲಿ ಅವನು ತನ್ನ ಹೆಸರು ಕೇಳಿರಲಿಲ್ಲ. ಸಿಟ್ಟು ಏರಬೇಕಾದ ಮುಖಕ್ಕೆ ಎಂಥದೋ ನಾಚಿಕೆ ಏರಿತು. ಇನ್ನೊಂದು ಸಲ ಹೇಳು ಎನ್ನುವವನಂತೆ ಬಾಯಿ ತೆರೆದ, ಮುಚ್ಚಿದ. "ಮಾತಂದ್ರೆ ಮಾತು," ಎಂದು ಗೊಣಗಿ ಜಗಲಿಗೆ ನಡೆದ.

ಈಗ ಸದಸ್ಯೆಯರೆಲ್ಲ ಗೋಡೆಯ ಕಡೆ ಕತ್ತು ತಿರುಗಿಸಿದರು. ಶಶಿರೇಖ ಸುಮ್ಮನೆ ಗಂಟಲು ಸರಿಮಾಡಿಕೊಂಡಳು, ಅಷ್ಟೇ. ಇನ್ನು ತಮ್ಮ ಹೆಸರೂ ಬಂದೀತೆಂದು ಗಂಡಂದಿರು ನಾ ಮುಂದು ತಾ ಮುಂದು ಎಂದು ಚಪ್ಪಲಿ ಹುಡುಕಿಕೊಂಡರು.

ಆದಿಲಕ್ಷ್ಮಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಅದಿನ್ನೂ ಬೆಚ್ಚಗಿತ್ತು. ಸ್ವಲ್ಪ ಹಿಂದಕ್ಕೆ ಸರಿದು ಸರಿಯಾಗಿಯೇ ಕೂತಳು.

"ಸ್ಟೇಷನ್ ದಾರಿಗೆ ದೀಪ. ಒಪ್ಪಿಗೆ ಇರೋರು ಕೈ ಎತ್ತಿ."

ಬಳೆಗಳು ಜಾರಿ ಮೊಣಕೈಗೆ ಬಂದವು. ಶಶಿರೇಖ ಎರಡೂ ಕೈ ಎತ್ತಿದ್ದಳು. "ಒಂದು ಸಾಕಮ್ಮ," ಎಂದು ತ್ರಿವೇಣಿ ನಕ್ಕು ಮತ್ತೆ ಮೊದಲಿಂದ ಎಣಿಸತೊಡಗಿದಳು. ಗಂಡಸು ಸದಸ್ಯರ ಕೈಗಳೂ ಒಂದೊಂದಾಗಿ, ತಲೆ ಕೆರೆದುಕೊಳ್ಳುವ ನೆಪದಲ್ಲಿ ಮೇಲೆದ್ದವು. ಮೇಜಿನ ಮೇಲೆ ಟೀ ಆರುತ್ತಿತ್ತು. ಜಗಲಿಯಿಂದ ಯಾರೋ ಕೂಗಿದಂತಾಯಿತು. ಎತ್ತಿದ ಕೈ ಯಾರೂ ಇಳಿಸಲಿಲ್ಲ. ಮತ್ತೆ ಅದೇ ದನಿ, ಈ ಸಲ ಇನ್ನೂ ಮೆತ್ತಗೆ:

"ಅಧ್ಯಕ್ಷರೇ, ಒಂದ್ ಲೋಟ ಟೀ ಈ ಕಡೀಕೂ ಕಳ್ಸ್ರಿ."